ಕೂಗಿ ಕಿವಿಗೊಡುವ ಪುಟ್ಟಲಿಂಗಯ್ಯ

ಸಾವನದುರ್ಗದ ಹೆಬ್ಬಂಡೆ ಇನ್ನೂ ಕತ್ತಲಿನ ತುಂಡಿನಂತೆ ನಿಂತಿದೆ. ಬುಡದ ವೀರಭದ್ರಸ್ವಾಮಿ ಗುಡಿಯ ಗಂಟೆ ಮೊಳಗಿಲ್ಲ. ಕುರಿರೊಪ್ಪದ ಬಾಗಿಲಲ್ಲಿ ಪುಟ್ಟಲಿಂಗಯ್ಯ ಕಂಬಳಿ ಸರಿಸಿ, ಎರಡೂ ಅಂಗೈಗಳನ್ನು ಬಾಯಿಗಿಟ್ಟು, ಪಡುವಣದ ಕುರುಚಲು ಕಾಡಿನತ್ತ ಊಳಿಡುತ್ತಾರೆ. ತೋಳದ ಊಳು. ಮನುಷ್ಯನ ಗಂಟಲಿಂದ ಬಂದದ್ದೆಂದು ಕಣ್ಣಾರೆ ಕಂಡರೂ ನಂಬಲಾಗದು. ಹಿಂದೆ ಐವತ್ತೆರಡು ಕುರಿಗಳು ಒಂದೇ ಮೈಯಾಗಿ ಮುದುಡುತ್ತವೆ. ಅವುಗಳಲ್ಲಿ ಒಂದೂ ತೋಳವನ್ನು ಕಂಡದ್ದಿಲ್ಲ.

ಕೂಗಿದ ಮೇಲೆ ಅವರು ಅಲುಗುವುದಿಲ್ಲ. ನೂರು ಎಣಿಸುವಷ್ಟು ಹೊತ್ತು ಕಿವಿಗೊಟ್ಟು ನಿಲ್ಲುತ್ತಾರೆ.

"ಇದು ಹೆದರ್ಸೋ ಕೂಗಲ್ಲ ಕಣವ್ವ, ಕೇಳೋ ಕೂಗು," ಎಂದು ಪಕ್ಕದಲ್ಲಿ ಮೈಕು ಹಿಡಿದು ನಿಂತ ಸುಚಿತ್ರಾಗೆ ಹಿಂದೊಮ್ಮೆ ಹೇಳಿದ್ದರು. "ನಮ್ಮಪ್ಪ ಕುರಿ ಬಿಡೋಕೆ ಮುಂಚೆ ದಿನಾ ಹಿಂಗೇ ಕೇಳೋರು. ತೋಳ ಓಗೊಟ್ರೆ ಆ ದಿಕ್ಕು ಅದುಕ್ಕೆ, ಬ್ಯಾರೆ ದಿಕ್ಕು ನಮ್ ಕುರಿಗೆ. ಜಗಳಾನೇ ಇಲ್ಲ."

ಕೊನೆಯ ಬಾರಿ ಓಗೊಟ್ಟು ಇಪ್ಪತ್ತೆರಡು ವರ್ಷವಾಯಿತು. ಅರವತ್ತೆಂಟರ ಪುಟ್ಟಲಿಂಗಯ್ಯ ಮಾತ್ರ ಕೇಳುವುದನ್ನು ಬಿಟ್ಟಿಲ್ಲ. "ನಾನು ಕೂಗುದ್ರೆ ಓ ಅನ್ನಲ್ಲ, ಇಲ್ದಿರೋ ತೋಳುನ್ನ ದಿನಾ ಮಾತಾಡುಸ್ತಾನೆ," ಎಂದು ಹೆಂಡತಿ ದಾಸಮ್ಮ ಮೂದಲಿಸುತ್ತಾರೆ.

ಸುಚಿತ್ರಾ ಎರಡು ವರ್ಷದಿಂದ ಈ ಕುರುಚಲು ಕಾಡಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ. ಅದರಲ್ಲಿ ತೋಳವಿಲ್ಲ, ಪುಟ್ಟಲಿಂಗಯ್ಯನವರ ಊಳಿದೆ. ಮೊದಲ ಸಲ ಆ ಊಳಿಗೆ ನಗಾರಿಯ ಸದ್ದು ಬೆರೆಸಿ, ಕತ್ತಲ ಪೊದೆಗಳನ್ನು ತೋರಿಸಿದ್ದರು. ಬೆಚ್ಚಿದ ಜನ ಕಾಡು ಉಳಿಸಲು ಎಚ್ಚೆತ್ತುಕೊಳ್ಳುತ್ತಾರೆ ಎಂಬ ನಂಬಿಕೆ. ಕೋಡಿಹಳ್ಳಿ ಕಡೆಯ ಒಂದು ಊರಿನಲ್ಲಿ ಚಿತ್ರ ತೋರಿಸಿದಾಗ ಜನ ಬೆಚ್ಚಿದ್ದೇನೋ ನಿಜ. ಆದರೆ ಮೂರನೇ ದಿನ, ತೋಳ ಬಂದಿದೆಯೆಂದು ಹೆದರಿ, ಯಾರೋ ಸತ್ತ ಕುರಿಗೆ ವಿಷ ಸವರಿ ಕಾಡಂಚಿನಲ್ಲಿಟ್ಟರು. ಎರಡು ನರಿ, ಊರಿನ ಮೂರು ನಾಯಿ ಸತ್ತವು.

ಸುದ್ದಿ ತಿಳಿದ ದಿನ ಪುಟ್ಟಲಿಂಗಯ್ಯ ಉಣ್ಣಲಿಲ್ಲ. "ನಾನು 'ಇದೀಯಾ' ಅಂತ ಕೇಳ್ದೆ. ನೀವು ಅದುನ್ನ 'ತಿಂತೀನಿ' ಅನ್ನಂಗೆ ಮಾಡ್ಬುಟ್ರಿ," ಎಂದು ಸುಚಿತ್ರಾಗೆ ನೇರವಾಗಿಯೇ ಅಂದರು. "ಎಲ್ಲೋ ಒಂದು ಉಳ್ಕೊಂಡಿದ್ರೆ, ನನ್ನ ಗಂಟ್ಲೇ ಅದುಕ್ಕೆ ವಿಸ ಆಗ್ಬುಡ್ತದೆ. ಕೂಗಾದ್ಮೇಲೆ ನಾನು ಕೇಳ್ತಾ ನಿಂತ್ಕೋತೀನಲ್ಲ, ಅದುನ್ನ ಯಾಕೆ ಕುಯ್ದಾಕುದ್ರಿ? ಅದುನ್ನ ತೋರ್ಸಿ."

ಈಗಿನ ಚಿತ್ರದಲ್ಲಿ ನಗಾರಿಯಿಲ್ಲ. ಕೂಗುವವರು ಕುರಿ ಕಾಯುವ ಪುಟ್ಟಲಿಂಗಯ್ಯ ಎಂದು ಮೊದಲೇ ಬರೆದು ತೋರಿಸುತ್ತಾರೆ. ಒಂದು ಊಳು, ಆಮೇಲೆ ಇಡೀ ಒಂದು ನಿಮಿಷ ಅವರ ಕಿವಿ, ಬಿಗಿಹಿಡಿದ ಉಸಿರು, ಹುಲ್ಲಿನ ಮೇಲೆ ಗಾಳಿ. ವಿರೂಪಾಕ್ಷಿಪುರದಲ್ಲಿ ತೋರಿಸಿದ ಸಂಜೆ ಆ ನಿಮಿಷದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಂದೆ ಕೂತಿದ್ದ ಮುದುಕಿ ದೊಡ್ಡಲಕ್ಷ್ಮಮ್ಮ ತಡೆಯಲಾರದೆ ಎದ್ದು ನಿಂತು, "ಯಾರಾದ್ರೂ ಓ ಅನ್ರಪ್ಪಾ!" ಎಂದು ಪರದೆಯತ್ತ ಕೂಗಿದರು. ಯಾರೂ ನಗಲಿಲ್ಲ. ಮನೆಗೆ ಹೋಗುವಾಗ ಜನ ನಿಂತು ನಿಂತು ಪೊದೆಗಳ ಕಡೆ ಕಿವಿಗೊಟ್ಟರಂತೆ. ಆ ವಾರವೇ ಕಾಡಂಚಿನಲ್ಲಿ ಇನ್ನು ವಿಷವಿಡಬಾರದೆಂದು ಊರವರು ಕೂತು ತೀರ್ಮಾನಿಸಿದರು.

"ಇನ್ನೂ ಹತ್ತೂರ್ನಲ್ಲಿ ತೋರ್ಸಿ. ವಿಸ ನಿಂತ್ರೆ ಸಾಕು, ನನಗಿನ್ನೇನೂ ಬ್ಯಾಡ," ಎನ್ನುತ್ತಾರೆ ಪುಟ್ಟಲಿಂಗಯ್ಯ.

ಇಂದು ಎಣಿಕೆ ಎಂಬತ್ತು ದಾಟಿರಬೇಕು. ಮುದುಡಿದ್ದ ಕುರಿಗಳು ಒಮ್ಮೆಲೇ ತಲೆಯೆತ್ತುತ್ತವೆ. ಅವು ನೋಡುತ್ತಿರುವುದು ಪುಟ್ಟಲಿಂಗಯ್ಯನವರನ್ನಲ್ಲ. ಅವರನ್ನು ದಾಟಿ, ಪಡುವಣಕ್ಕೆ. ಐವತ್ತೆರಡು ಮುಖವೂ ಅತ್ತಲೇ. ಹಿಂಡು ಕಾಯುವ ನಾಯಿ ಸದ್ದಿಲ್ಲದೆ ಬಂದು ಅವರ ಕಾಲಿಗೆ ಒತ್ತಿಕೊಳ್ಳುತ್ತದೆ. ಸುಚಿತ್ರಾ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ. ಬರೀ ಗಾಳಿ.

"ಏನಾದ್ರೂ ಕೇಳಿಸ್ತಾ, ಪುಟ್ಟಲಿಂಗಯ್ಯನೋರೇ?"

"ಅದುನ್ನ ಒಸಿ ಆರ್ಸವ್ವ," ಎಂದು ಅವರು ಮೈಕಿನತ್ತ ಕೈ ತೋರುತ್ತಾರೆ. ಸುಚಿತ್ರಾ ಆರಿಸುತ್ತಾರೆ. ಪುಟ್ಟಲಿಂಗಯ್ಯ ಕೋಲೆತ್ತಿಕೊಂಡು, ಪಡುವಣದ ದಾರಿ ಹಿಡಿಯಬೇಕಿದ್ದ ಹಿಂಡನ್ನು ಮೂಡಣಕ್ಕೆ ತಿರುಗಿಸುತ್ತಾರೆ.

"ಇವತ್ತು ಆ ದಿಕ್ಕು ನಮ್ದಲ್ಲ."