ಮಿನಿಬಸ್ಸಿನ ಫ್ಯಾನು ಸುಮ್ಮನಾದ ದಿನ

ಫ್ಯಾನು ಇರುವುದು ಗಾಳಿಗಾಗಿ ಎಂದು ನಂಬಿದವರು ಒಮ್ಮೆ ನಮ್ಮ ಮನೆಗೆ ಬರಬೇಕು; ಪುಣೆಯ ಡಿಸೆಂಬರ್ ಚಳಿಯಲ್ಲಿ ಕಿವಿಯ ತನಕ ರಜಾಯಿ ಹೊದ್ದು, ಅದರ ಸದ್ದಿಲ್ಲದೆ ನಿದ್ದೆ ಬಾರದೆಂದು ಫ್ಯಾನು ಹಾಕಿಕೊಂಡೇ ಮಲಗುವ ಮಹನೀಯ ನಾನು. ಇಂಥವನು ಇನ್ನೊಂದು ಫ್ಯಾನಿನ ಬಾಯಿ ಮುಚ್ಚಿಸಲು ಹೊರಟದ್ದು ವಿಧಿಯ ವಿನೋದವೇ ಸರಿ.

ಆ ಫ್ಯಾನು ಇದ್ದದ್ದು ನಮ್ಮ ಮುದಿ ಮಿನಿಬಸ್ಸಿನಲ್ಲಿ. ಹಿಂದಿನ ಸೀಟುಗಳನ್ನು ಕಿತ್ತು, ಎರಡು ಮಂಚ, ಒಂದು ಒಲೆ ಕೂಡಿಸಿ ನಾನದನ್ನು ಸಂಚಾರಿ ಸಂಸಾರವಾಗಿ ಮಾರ್ಪಡಿಸಿದ್ದೆ. ಇಂಜಿನ್ನು ನನ್ನ ಮತ್ತು ನನ್ನ ಹೆಂಡತಿ ಸುಮಿತ್ರೆಯ ಸೀಟುಗಳ ನಡುವೆ, ಜೊತೆಗೆ ಹೊರಟ ಹಿರಿಯರಂತೆ ಕೂತಿತ್ತು. ಅದನ್ನು ತಣಿಸುವ ಫ್ಯಾನೋ, ಬೇಕಿರಲಿ ಬೇಡವಿರಲಿ ಸದಾ ಭೋರ್ಗರೆದು ನಮ್ಮ ಮಾತಿಗೆ ಎಡೆಯನ್ನೇ ಕೊಡುತ್ತಿರಲಿಲ್ಲ. ಅಷ್ಟಾಗಿಯೂ ಘಾಟಿ ಏರುವಾಗ ರೇಡಿಯೇಟರು ಕುದಿಯುತ್ತಿತ್ತು. ಕಡೆಗೆ ಖಡಕಿಯ ಗ್ಯಾರೇಜೊಂದರಲ್ಲಿ ದೊಡ್ಡ ಫ್ಯಾನನ್ನೂ ವಿದ್ಯುತ್ ಕ್ಲಚ್ಚನ್ನೂ ಹಾಕಿಸಿದೆ. ಇಂಜಿನ್ ಕಾದಾಗ ಕ್ಲಚ್ಚು ಫ್ಯಾನನ್ನು ಹಿಡಿದು ತಿರುಗಿಸುತ್ತದೆ, ತಣಿದೊಡನೆ ಬಿಟ್ಟುಬಿಡುತ್ತದೆ. ತಾನಾಗಿ ಹಿಡಿಯದಿದ್ದರೆ ಒತ್ತಲೆಂದು ಸ್ಟಿಯರಿಂಗ್ ಪಕ್ಕ ಒಂದು ಸ್ವಿಚ್ಚೂ ಬಂತು.

ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲಿಸುತ್ತಿದ್ದ ಆ ದಿನಗಳಲ್ಲಿ ಧನಕವಡಿಯ ಮನೆಯಿಂದ ಧಾರವಾಡಕ್ಕೆ ಹೊರಟೆವು. ಕಾತ್ರಜ ಘಾಟಿನ ಏರಿನಲ್ಲಿ ಫ್ಯಾನು ಗರ್ಜಿಸಿತು, ಬಿಸಿ ತೋರಿಸುವ ಮುಳ್ಳು ಜಗ್ಗಲಿಲ್ಲ, ನಾನು ಮನಸ್ಸಿನಲ್ಲೇ ಮೀಸೆ ತಿರುವಿದೆ. ಸುರಂಗ ದಾಟಿ ಇಳಿಜಾರು ಹಿಡಿದು ಸ್ವಲ್ಪ ಹೊತ್ತಿಗೆ ಕ್ಲಚ್ಚು ಫ್ಯಾನನ್ನು ಬಿಟ್ಟಿತು. ಆ ಹಠಾತ್ ನಿಶ್ಶಬ್ದದಲ್ಲಿ ಒಂದು ಹಾಡು ಕೇಳಿಸಿತು. ಅರಿಸಿನ-ಕುಂಕುಮಕ್ಕೆ ಕರೆದವರು ಎಷ್ಟು ಕಾಡಿದರೂ ಬಾಯಿ ಬಿಡದ ಸುಮಿತ್ರೆ, ಕಿಟಕಿಯತ್ತ ಮುಖಮಾಡಿ, ತುಂಬು ಕಂಠದಲ್ಲಿ ಬೀಸುವ ಪದ ಹಾಡುತ್ತಿದ್ದಳು. ಅರ್ಧ ಸಾಲಿಗೇ ನಿಲ್ಲಿಸಿ ಕೆಂಪಾದಳು.

“ಇದು ಯಾವಾಗಿಂದ?” ಎಂದೆ.

“ಗಾಡ್ಯಾಗ ಕೂತಾಗೆಲ್ಲಾ ಹಾಡ್ತೀನ್ರಿ. ನಮ್ಮಜ್ಜಿ ಬೀಸುಕಲ್ಲಿನ ಸಪ್ಪಳದಾಗ ಕಲಿಸಿದ್ದು. ಸಪ್ಪಳ ಇಲ್ಲದಿದ್ರ ನನಗ ಬರಂಗಿಲ್ಲ.”

ಇಷ್ಟು ವರ್ಷ ಮಗ್ಗುಲಲ್ಲೇ ಕೂತು ಒಂದು ಸಾಲೂ ಕೇಳಿರಲಿಲ್ಲವಲ್ಲ ಎಂದು ಪೆಚ್ಚಾದೆ; ಕೇಳುವಂತಾದ ಮೇಲೆ ಅವಳು ಹಾಡುವುದೇ ಇಲ್ಲವಲ್ಲ ಎಂದು ಇನ್ನಷ್ಟು ಸಂಕಟವಾಯಿತು. ಶಿರವಳದ ತನಕ ಗಾಡಿ ಬೆಣ್ಣೆಯ ಹಾಗೆ ಓಡಿತು. ಅಷ್ಟು ಬೇಸರದ ಪ್ರಯಾಣ ನಾನು ಮಾಡಿದ್ದಿಲ್ಲ.

ತಡೆಯಲಾರದೆ ಸ್ವಿಚ್ಚು ಒತ್ತಿದೆ. ಫ್ಯಾನು ಭೋರ್ಗರೆಯಿತು.

“ಯಾಕ್ರಿ, ಇಂಜಿನ್ ಕಾದದೇನು?” ಸುಮಿತ್ರೆ ಕೂಗಿ ಕೇಳಿದಳು.

“ಭಾಳ ಕಾದದ,” ಎಂದು ನಾನೂ ಕೂಗಿದೆ.

ಅವಳು ಕೆಳಗೆ ಮಲಗಿದ್ದ ಮುಳ್ಳನ್ನು ನೋಡಿದಳು, ನನ್ನನ್ನು ನೋಡಿದಳು, ಕಿಟಕಿಯತ್ತ ತಿರುಗಿದಳು. ಹಾಡಿನ ಅಲ್ಲೊಂದು ಇಲ್ಲೊಂದು ಮಾತು ನನ್ನ ಕಿವಿಗೆ ಬಿತ್ತು, ನನಗದು ಸಾಕಾಗಿತ್ತು.

ಮನೆಯಲ್ಲಿ ಫ್ಯಾನು ಈಗಲೂ ಚಳಿಗಾಲವೆನ್ನದೆ ತಿರುಗುತ್ತದೆ. ರಜಾಯಿಯನ್ನು ಮಾತ್ರ ಕಿವಿಯಿಂದ ಕೆಳಗೆ ಹೊದೆಯುತ್ತೇನೆ.