ಗುನ್ವೋರಳ ಸೊನ್ನೆಯ ವಾರ

ಉತ್ತರ ಸ್ವೀಡನ್ನಿನ ನಮ್ಮ ಸಣ್ಣ ಪುರಸಭೆಯ ಕಂಪ್ಯೂಟರ್ ವಿಭಾಗದಲ್ಲಿ 2009ರಲ್ಲಿ ಮೂವರಿದ್ದೆವು: ಮುಖ್ಯಸ್ಥ ಲುಡ್ವಿಗ್, ಗುನ್ವೋರ್ ಮತ್ತು ನಾನು. ಗುನ್ವೋರಳಿಗೆ ಆಗ ಅರವತ್ತಮೂರು. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದವಳು ಸಂಜೆ ತರಗತಿಗೆ ಹೋಗಿ ಪರ್ಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಅದೇ ಅಡುಗೆಮನೆಗಳಿಗೆ ವಾರವಾರದ ಸಾಮಾನಿನ ಪಟ್ಟಿ ತಾನಾಗಿ ಹೋಗುವಂತೆ ಮಾಡಿದ್ದಳು. ಅವಳು ಬರೆದ ಅಂಥ ಪುಟ್ಟ ಪ್ರೋಗ್ರಾಮುಗಳು, ಅಂದರೆ ಸ್ಕ್ರಿಪ್ಟುಗಳು, ಒಟ್ಟು ನಲವತ್ತಮೂರು. ನಾನೋ ಮರ ಕಡಿಯುವವನ ಮಗ, ನಮ್ಮ ಮನೆತನದ ಮೊದಲ ಪದವೀಧರ. ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ನಿಜವೆಂದೇ ನಂಬಿದ್ದೆ.

ಆ ಡಿಸೆಂಬರಿನಲ್ಲಿ ಲುಡ್ವಿಗ್ ಹೇಳಿದ: "ಒಬ್ಬೊಬ್ರು ಒಂದೊಂದು ಭಾಷೇಲಿ ಬರೀತೀರಿ. ಇನ್ಮೇಲೆ ಒಂದೇ ಸಾಕು. ಗುನ್ವೋರ್, ಹೋಲಿಸಿ ನೋಡಿ ಶುಕ್ರವಾರ ಹೇಳು."

ಪರ್ಲ್ ಬಿದ್ದುಹೋದರೆ ನಲವತ್ತಮೂರೂ ಕಸದ ಬುಟ್ಟಿಗೆ. ಅವಳಿಗೆ ಅದೇ ಭಯ.

ಪರೀಕ್ಷೆಗೆಂದು ಒಂದು ಸಣ್ಣ ಕೆಲಸ ಆರಿಸಿಕೊಂಡೆವು. ತಾರೀಕು ಕೊಟ್ಟರೆ ಅದು ವರ್ಷದ ಎಷ್ಟನೆಯ ವಾರವೆಂದು ಹೇಳಬೇಕು. ರಜೆ, ಸಭೆ, ಮೀನು ಮಾರುವ ಲಾರಿ ಬರುವುದು ಎಲ್ಲವೂ ನಮ್ಮಲ್ಲಿ ವಾರದ ಸಂಖ್ಯೆಯ ಮೇಲೆಯೇ ನಡೆಯುತ್ತವೆ. ಅವಳು ಪರ್ಲ್‌ನಲ್ಲಿ, ನಾನು ಪೈಥಾನ್‌ನಲ್ಲಿ, ಲುಡ್ವಿಗ್ ಶೆಲ್‌ನಲ್ಲಿ ಬರೆದೆವು. ಬರಲಿರುವ ಜನವರಿ ಮೂರನೆಯ ತಾರೀಕು ಕೊಟ್ಟೆವು. ಶೆಲ್ ಐವತ್ತಮೂರು ಎಂದಿತು, ಪೈಥಾನ್ ಒಂದು ಎಂದಿತು, ಪರ್ಲ್ ಸೊನ್ನೆ ಎಂದಿತು.

"ಸೊನ್ನೆ ವಾರದಲ್ಲಿ ಮಕ್ಕಳಿಗೆ ಏನು ಬಡಿಸ್ತೀಯ ಗುನ್ವೋರ್?" ಎಂದು ಲುಡ್ವಿಗ್ ನಕ್ಕ.

"ಹಲ್ಲು ಕಿರೀಬೇಡ. ಹೊಸ ವರ್ಷ ಬಂದು ಮೂರು ದಿನಕ್ಕೇ ಐವತ್ತಮೂರು ವಾರ ಆಗೋಯ್ತಾ?"

ಅವನು ಹೊಸ ಕ್ಯಾಲೆಂಡರ್ ತೋರಿಸಿದ. ಐವತ್ತಮೂರೇ ಸರಿ: ಜನವರಿ ಮೂರು ಭಾನುವಾರ, ನಮ್ಮಲ್ಲಿ ವಾರ ಶುರುವಾಗುವುದು ಸೋಮವಾರ, ಹಾಗಾಗಿ ಅದು ಹಳೆಯ ವರ್ಷದ ಕೊನೆಯ ವಾರಕ್ಕೇ ಸೇರಿತ್ತು.

ಶೆಲ್ಲೇ ಗೆದ್ದಿತು ಅಂದುಕೊಂಡೆವು. ಮರುದಿನ ಕೈಪಿಡಿ ಓದಿದರೆ ಮೂರು ಭಾಷೆಗಳಲ್ಲೂ ಮೂರೂ ಲೆಕ್ಕಗಳಿದ್ದವು! ಒಂದಕ್ಷರ ಬದಲಿಸಿದರೆ ಸಾಕು, ಲೆಕ್ಕ ಬದಲಾಗುತ್ತದೆ. ನಾನು ಅಮೆರಿಕದ ಪುಸ್ತಕ ನೋಡಿ ಬರೆದಿದ್ದೆ. ಅಲ್ಲಿ ವಾರ ಶುರುವಾಗುವುದು ಭಾನುವಾರ. ಗುನ್ವೋರಳದು ವರ್ಷದ ಮೊದಲ ಸೋಮವಾರದಿಂದ ಎಣಿಸುವ ಲೆಕ್ಕ, ಅದಕ್ಕೆ ಮುಂಚಿನ ದಿನಗಳೆಲ್ಲ ಸೊನ್ನೆ.

"ಹಂಗಾದ್ರೆ ನಾವು ಹೋಲಿಸಿದ್ದು ಭಾಷೆಗಳನ್ನೇ ಅಲ್ಲ." ಎಂದೆ.

"ಮತ್ತೇನನ್ನ?" ಎಂದಳು ಗುನ್ವೋರ್.

ಆಮೇಲೆ ಇನ್ನೊಂದು ಸಂಶಯ ಹುಟ್ಟಿತು. ಅವಳ ಲೆಕ್ಕ ಕ್ಯಾಲೆಂಡರಿನದಲ್ಲವಾದರೆ ಇಷ್ಟು ವರ್ಷ ಪಟ್ಟಿ ಸರಿಯಾಗಿ ಹೋದದ್ದು ಹೇಗೆ? ಕೇಳಿದೆ. ಅವಳು ಕಾಫಿ ಬಟ್ಟಲು ಕೆಳಗಿಟ್ಟು ತನ್ನ ಹಳೆಯ ಸ್ಕ್ರಿಪ್ಟ್ ತೆರೆದು ತೋರಿಸಿದಳು. ಅದರಲ್ಲಿ ಏಳು ಇಸವಿಗಳನ್ನು ಸಾಲಾಗಿ ಬರೆದಿಟ್ಟಿದ್ದಳು. ಆ ವರ್ಷಗಳಲ್ಲಿ ಮಾತ್ರ ಉತ್ತರಕ್ಕೆ ಒಂದು ಕೂಡಿಸಬೇಕು. ಪ್ರತಿ ಜನವರಿ ಒಂದರಂದು ಅಡುಗೆಮನೆಯ ಕ್ಯಾಲೆಂಡರ್ ನೋಡಿ, ಬೇಕಿದ್ದರೆ ಆ ವರ್ಷವನ್ನು ಕೈಯಾರೆ ಸೇರಿಸುತ್ತಿದ್ದಳು.

"ಮುಂದಿನ ಸಲ ಸೇರಿಸೋದು ಯಾವಾಗ?" ಎಂದೆ.

"2013. ಅಷ್ಟೊತ್ತಿಗೆ ನಾನು ರಿಟೈರ್ ಆಗಿರ್ತೀನಿ."

"ಒಂದಕ್ಷರ ಬದಲಿಸಿಬಿಡು. ಯಾರಿಗೂ ಗೊತ್ತಾಗಲ್ಲ, ಪರ್ಲೂ ಉಳಿಯುತ್ತೆ."

"ಇದೊಂದರಲ್ಲಿ ಬದಲಿಸ್ತೀನಿ. ಉಳಿದ ನಲವತ್ತೆರಡರಲ್ಲಿ ಇಂಥದ್ದು ಇನ್ನೆಷ್ಟಿದೆಯೋ, ನನಗೇ ನೆನಪಿಲ್ಲ ಕಣೋ."

ಶುಕ್ರವಾರ ಏಲಕ್ಕಿ ಬನ್ನನ್ನು ಅರ್ಧಕ್ಕೇ ಬಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಲುಡ್ವಿಗ್ ತಲೆ ಹಿಡಿದುಕೊಂಡ.

"ಅಂದ್ರೆ ಪರ್ಲ್ ಕೆಟ್ಟದ್ದು?"

"ಅಲ್ಲ. ನಾನು ಅದನ್ನ ಕೇಳಿದ ರೀತೀನೇ ತಪ್ಪು."

"ಪೈಥಾನ್ ಒಳ್ಳೇದು?"

"ಅದನ್ನ ಇವನೂ ತಪ್ಪಾಗೇ ಬರೆದಿದ್ನಲ್ಲ."

"ಮತ್ತೆ ನಾನು ಏನಂತ ಬರ್ಕೊಳ್ಳಲಿ?"

ಅವಳು ನನ್ನ ಕಡೆ ನೋಡಿದಳು. "ಪೈಥಾನ್ ಅಂತ ಬರ್ಕೋ. ನಾನು ಹೋದ್ಮೇಲೆ ಇಲ್ಲಿರೋನು ಇವನು. ಇವನಿಗೆ ಬರೋದು ಅದೊಂದೇ."

ಸೋಮವಾರ ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ನಲವತ್ತಮೂರರಲ್ಲಿ ಮೊದಲನೆಯದನ್ನು ತೆರೆದೆವು. ನಾಲ್ಕನೆಯ ಸಾಲಿನಲ್ಲಿ ಏಳರಿಂದ ಭಾಗಿಸಿ ಮತ್ತೆ ಏಳರಿಂದಲೇ ಗುಣಿಸಿದ್ದಳು.

"ಇದು ಯಾಕೆ?" ಎಂದೆ.

ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಏನೋ ಕಾರಣ ಇತ್ತು," ಎಂದಳು. "ಅಳಿಸ್ಬೇಡ, ಇರ್ಲಿ."