ಕೆಂಪು ಗೆರೆಯ ಮೇಲೆ ಸುಟ್ಟ ಆಲೂಗಡ್ಡೆ

ಹೋದ ವಾರ ಹಾಸನದ ನಮ್ಮ ಹಾಸ್ಟೆಲ್ಲಿನಲ್ಲಿ ನನ್ನ ರೂಮಿನವಳು ಸುಮ, ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ, ಅದರ ಬೆನ್ನ ಮೇಲೆ ಆಲೂಗಡ್ಡೆ ಬಿಲ್ಲೆಗಳನ್ನು ಜೋಡಿಸಿದಳು. ಮೆಸ್ಸಿನ ಸಾರು ತಿಂದೂ ಬದುಕಿರುವವರು ಇಂಥ ವಿದ್ಯೆಗಳನ್ನು ಯಾರೂ ಕಲಿಸದೆಯೇ ಕಲಿಯುತ್ತಾರೆ. ಹತ್ತು ನಿಮಿಷದಲ್ಲಿ ಸಿಪ್ಪೆ ಸೀದು ವಾಸನೆ ಮೂರು ಮಹಡಿಗೂ ಹರಡಿತು. ವಾರ್ಡನ್ ಬರುತ್ತಾರೆಂದು ಎಲ್ಲರೂ ಓಡಿದರು, ಸುಮನೂ ಓಡಿದಳು. ನಾನು ಮಾತ್ರ ಕೂತಲ್ಲೇ ಕೂತಿದ್ದೆ. ಅದು ನನ್ನ ಧೈರ್ಯವೆಂದು ಹಾಸ್ಟೆಲ್ಲಿಗೆಲ್ಲ ಸುದ್ದಿಯಾಗಿದೆ, ನಾನೂ ಅಲ್ಲಗಳೆಯಲು ಹೋಗಿಲ್ಲ. ನಿಜ ಏನೆಂದರೆ ಆ ವಾಸನೆಗೆ ನನ್ನ ಕಾಲು ಏಳಲಿಲ್ಲ. ಸೀದ ಆಲೂಗಡ್ಡೆ ಸಿಪ್ಪೆಯದು ಅರ್ಧ ಮಣ್ಣಿನ, ಅರ್ಧ ಬೂದಿಯ ವಾಸನೆ. ಅದು ಹೊಳೆನರಸೀಪುರದ ನಮ್ಮ ಅಡುಗೆಮನೆಯ ಕೊನೆಯ ವಾಸನೆ. ಆ ಅಡುಗೆಮನೆ ಇದ್ದ ಜಾಗದಲ್ಲಿ ಈಗ ಒಂದು ಬಟ್ಟೆ ಅಂಗಡಿಗೆ ಬರುವವರು ಸ್ಕೂಟರ್ ನಿಲ್ಲಿಸುತ್ತಾರೆ. ನಿಮ್ಮ ಮನೆಯೂ ಹೀಗೆ ಯಾರದೋ ಸ್ಕೂಟರಿನ ಕೆಳಗೆ ಹೋಗಿದ್ದರೆ, ನಾನು ಆ ಬೀದಿಯಲ್ಲಿ ಹೋಗುವಾಗ ಯಾಕೆ ಆ ಕಡೆ ಮುಖ ತಿರುಗಿಸುವುದಿಲ್ಲವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮದು ಪೇಟೆಬೀದಿಯ ಉದ್ದನೆಯ ಮನೆ. ಮುಂದೆ ಅಪ್ಪ ಮತ್ತು ದೊಡ್ಡಪ್ಪನ ದಿನಸಿ ಅಂಗಡಿ, ನಡುವೆ ಎರಡು ಕತ್ತಲೆ ಕೋಣೆ, ಕೊನೆಗೆ ಅಡುಗೆಮನೆ. ನನಗೆ ಎಂಟು ವರ್ಷವಾಗಿದ್ದಾಗ ಅಣ್ಣತಮ್ಮಂದಿರು ಭಾಗವಾದರು. ಗಂಡಸರ ಜಗಳ ಆರು ತಿಂಗಳಲ್ಲಿ ಆರಿ, ಒಂದೇ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವ ಮಟ್ಟಕ್ಕೆ ಬಂತು. ಅಮ್ಮ ಮತ್ತು ದೊಡ್ಡಮ್ಮನ ಜಗಳ ಮಾತ್ರ ಒಳ್ಳೆಯ ಉಪ್ಪಿನಕಾಯಿಯಂತೆ ವರ್ಷ ಕಳೆದಂತೆಲ್ಲ ರುಚಿ ಏರಿಸಿಕೊಂಡಿತು. ಅಡುಗೆಮನೆಗೆ ನಡುಗೋಡೆ ಹಾಕುವುದೆಂದು ತೀರ್ಮಾನವಾಗಿತ್ತು, ಆದರೆ ಗೋಡೆಯ ದಪ್ಪ ಯಾರ ಪಾಲಿನ ನೆಲದಲ್ಲಿ ಕೂರಬೇಕೆಂಬುದು ತೀರ್ಮಾನವಾಗಲಿಲ್ಲ. ಕಾದು ಸಾಕಾದ ದೊಡ್ಡಮ್ಮ ಒಂದು ದಿನ ಹೊಸ್ತಿಲಿಗೆ ಬಳಿದು ಮಿಕ್ಕಿದ್ದ ಕೆಂಪು ಬಣ್ಣ ತಂದು ನೆಲದ ಮೇಲೆ ಗೆರೆ ಎಳೆದಳು. ಗೆರೆ ನೆಲ ದಾಟಿ, ನಡುವೆ ಇದ್ದ ಹಳೆಯ ಸೌದೆ ಒಲೆಯ ಬಾಯನ್ನು ಸರಿಯಾಗಿ ಎರಡು ಮಾಡಿ, ಗೋಡೆ ಹತ್ತಿ ಹೊಗೆಕಿಂಡಿಯ ಹತ್ತಿರ ನಿಂತಿತು. ಆಮೇಲೆ ಆ ಕಡೆ ಒಂದು ಗ್ಯಾಸ್ ಒಲೆ, ಈ ಕಡೆ ಒಂದು. ನಡುವಿನ ಸೌದೆ ಒಲೆಯನ್ನು ಯಾರೂ ಹೊತ್ತಿಸುತ್ತಿರಲಿಲ್ಲ, ಅರ್ಧ ಒಲೆಗೆ ಬೆಂಕಿ ಹಾಕುವ ವಿದ್ಯೆ ಇಬ್ಬರಿಗೂ ಬರುತ್ತಿರಲಿಲ್ಲ.

ನಾಲ್ಕು ವರ್ಷ ಅವರಿಬ್ಬರೂ ನೇರವಾಗಿ ಒಂದು ಮಾತಾಡಲಿಲ್ಲ. ಬೈಗುಳದ ಅಂಚೆಯೆಲ್ಲ ನನ್ನ ಮೂಲಕ. ದೊಡ್ಡಮ್ಮ ಮೂರಡಿ ದೂರದಲ್ಲಿ ನಿಂತು, “ಸಿಂಚು, ಏಳು ಆ ಕಡೆಯೋಳ್ಗೆ, ಕುಕ್ಕರ್ ಆರು ಸಲ ಕೂಗ್ತು, ಬೇಳೆ ಬೇಯಿಸ್ತಾವ್ಳೋ ಕಲ್ಲು ಬೇಯಿಸ್ತಾವ್ಳೋ ಅಂತ” ಎನ್ನುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, “ಏಳು, ನಮ್ ಕುಕ್ಕರ್ರು ನಾವ್ ಕೂಗಿಸ್ಕೊತೀವಿ, ತಡಿಯಕ್ಕಾಗ್ದೋರು ಕಿವಿಗೆ ಅತ್ತಿ ಮಡೀಕಳ್ಳಿ ಅಂತ” ಎನ್ನುತ್ತಿದ್ದಳು. ಆದರೂ ನಿಯಮ ನಿಯಮವೇ. ನಾನು ಗೆರೆಯ ಮೇಲೆ ನಿಂತು ಎರಡೂ ಮಾತುಗಳನ್ನು ಮತ್ತೊಮ್ಮೆ, ಸ್ವಲ್ಪ ನನ್ನ ಒಗ್ಗರಣೆ ಸೇರಿಸಿ ತಲುಪಿಸಬೇಕಿತ್ತು. ನಾನು ಶಾಲೆಗೆ ಹೋದಾಗ ಆ ಕೆಲಸ ಬೆಕ್ಕಿಗೆ. ಎರಡೂ ಕಡೆ ಹಾಲು ಕುಡಿದು ಯಾರ ಕಡೆಗೂ ಮಾತಾಡದೆ ಇದ್ದುದರಿಂದ ಅಪ್ಪ ಅದಕ್ಕೆ ಮೆಂಬರ್ರು ಅಂತ ಹೆಸರಿಟ್ಟಿದ್ದ. “ನೋಡಿ ಮೆಂಬರ್ರೇ, ಚನ್ನರಾಯಪಟ್ಟಣದೋರು ನೀರ್ಗೂ ತೆಂಗಿನಕಾಯಿ ತುರಿದಾಕ್ತಾರೆ” ಅಂತ ಅಮ್ಮ ಹೇಳಿದರೆ, “ಅರಕಲಗೂಡೋರ್ ನಾಲ್ಗೆ ಮೆಣಸಿನ್ಕಾಯಿ ತಿಂದು ತಿಂದೇ ಅಂಗಾಗಿರೋದು ಮೆಂಬರ್ರೇ” ಅಂತ ದೊಡ್ಡಮ್ಮ. ದೊಡ್ಡಮ್ಮನ ತವರು ಚನ್ನರಾಯಪಟ್ಟಣ, ಅಮ್ಮನದು ಅರಕಲಗೂಡು; ಒಬ್ಬರ ತವರನ್ನು ಇನ್ನೊಬ್ಬರು ಇಷ್ಟು ಹೀನಾಯವಾಗಿ ಬೈದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಇವರಿಬ್ಬರೂ ಒಂದು ಕಾಲದಲ್ಲಿ ಒಂದೇ ಚಾಪೆಯ ಮೇಲೆ ಮಲಗಿ ಕಾದಂಬರಿ ಓದುತ್ತಿದ್ದರೆಂದರೆ ನಾನು ನಂಬುತ್ತಿರಲಿಲ್ಲ, ಆ ಕಾದಂಬರಿಯನ್ನೇ ನೋಡದಿದ್ದರೆ. ನಾನು ಹುಟ್ಟುವ ಮೊದಲು, ಅಂಗಡಿಗೆ ಬರುತ್ತಿದ್ದ ವಾರಪತ್ರಿಕೆಯಲ್ಲಿ ಅದು ಧಾರಾವಾಹಿಯಾಗಿ ಬಂದಿತ್ತಂತೆ. ವಾರ ವಾರವೂ ದೊಡ್ಡಮ್ಮ ಪುಟ ಕತ್ತರಿಸುವುದು, ಅಮ್ಮ ಅದನ್ನು ಗೋಣಿಚೀಲ ಹೊಲಿಯುವ ದಬ್ಬಳದಲ್ಲಿ, ಸುತಲಿ ದಾರ ಪೋಣಿಸಿ ಹೊಲಿಯುವುದು. ದೊಡ್ಡಮ್ಮನಿಗೆ ಹೊಲಿಯಲು ಬಾರದು, ಅಮ್ಮನ ಕೈಗೆ ಕತ್ತರಿ ಕೊಟ್ಟರೆ ಗೆರೆ ಸೊಟ್ಟ. ಮೊದಲ ಪುಟವನ್ನು ಇಲಿ ತಿಂದಿದ್ದರಿಂದ ಅದರ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ, “ಆ ಕಾದಂಬರಿ” ಅಷ್ಟೇ. ಅದರ ನಾಯಕಿಯ ಊರು ಯಾವುದೆಂದು ಬರೆದವರು ಎಲ್ಲೂ ಹೇಳಿರಲಿಲ್ಲ. ಅವಳು ತಂತಮ್ಮ ತವರಿನ ಕಡೆಯವಳೆಂದು ಇಬ್ಬರೂ ಹದಿನೈದು ವರ್ಷ ವಾದ ಮಾಡಿದ್ದರು. ಪಾಲಿನ ದಿನ ಚೊಂಬು, ಕೊಳಗ, ಒರಳುಕಲ್ಲು ಎಲ್ಲ ಹಂಚಿ ಮುಗಿದ ಮೇಲೆ ಕಾದಂಬರಿ ಉಳಿಯಿತು. ಪಂಚಾಯ್ತಿಗೆ ಬಂದಿದ್ದ ಹಿರಿಯರೊಬ್ಬರು, “ಅದನ್ನೂ ಅರ್ಧ ಮಾಡ್ರಮ್ಮ” ಅಂತ ನಗೆಯಾಡಿದರು. ದೊಡ್ಡಮ್ಮ ನಗಲಿಲ್ಲ. ಎದ್ದು ಹೋಗಿ ಕತ್ತರಿ ತಂದು ನಡುವೆ ದಾರ ಕತ್ತರಿಸಿದಳು. ಮೊದಲರ್ಧ ಅಮ್ಮನಿಗೆ, ಕೊನೆಯರ್ಧ ಅವಳಿಗೆ. ಆ ಹಿರಿಯರು ಕಾಫಿ ಅರ್ಧಕ್ಕೆ ಬಿಟ್ಟು ಹೋದರು ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಪೂರ್ತಿ ಕುಡಿದೇ ಹೋಗಿದ್ದರೂ.

ಅಮ್ಮನ ಅರ್ಧ ಅಕ್ಕಿ ಡಬ್ಬದಲ್ಲಿರುತ್ತಿತ್ತು, ಅದನ್ನು ನಾನು ಬಾಯಿಪಾಠವಾಗುವಷ್ಟು ಓದಿದ್ದೆ. ದೊಡ್ಡಮ್ಮನ ಅರ್ಧ ಅವಳ ಹಾಸಿಗೆಯ ಕೆಳಗಿತ್ತು, ಅದನ್ನು ಅವಳು ಸ್ನಾನಕ್ಕೆ ಹೋದಾಗ ಕದ್ದು ಓದುತ್ತಿದ್ದೆ. ಕದ್ದು ಓದುವವರು ಮೊದಲಿಂದ ಓದುವುದಿಲ್ಲ, ನೇರ ಕೊನೆಗೆ ಹೋಗುತ್ತಾರೆ. ಹಾಗೆ ಗೊತ್ತಾದದ್ದು ಇಷ್ಟು: ಕತ್ತರಿ ಬಿದ್ದದ್ದು ಸರಿಯಾಗಿ ಗೊಜ್ಜಿನ ಅಧ್ಯಾಯದ ನಡುವೆ. ಮನೆಯಲ್ಲಿ ಏನೂ ಇಲ್ಲದ ದಿನ ನಾಯಕಿ ಕೆಂಡದಲ್ಲಿ ಆಲೂಗಡ್ಡೆ ಸುಟ್ಟು ಒರಳಿಗೆ ಹಾಕುತ್ತಾಳೆ, ಅಲ್ಲಿಗೆ ಅಮ್ಮನ ಅರ್ಧ ಮುಗಿಯುತ್ತದೆ. ದೊಡ್ಡಮ್ಮನ ಅರ್ಧದಲ್ಲಿ ಆ ಗೊಜ್ಜು ತಿಂದು, ಅವಳೂ ಅವಳ ಓರಗಿತ್ತಿಯೂ ಜಗಳ ಮರೆತು ತಬ್ಬಿಕೊಂಡು ಅಳುತ್ತಾರೆ. ನನಗೆ ಹನ್ನೆರಡು ವರ್ಷವಾದಾಗ ಮನೆ ಮಾರಿದರು. ದೊಡ್ಡಪ್ಪ ಚನ್ನರಾಯಪಟ್ಟಣದಲ್ಲಿ ಅಂಗಡಿ ಹಿಡಿದರು, ಭಾನುವಾರ ಹೊರಡುವುದೆಂದು ವ್ಯಾನ್ ಗೊತ್ತಾಯಿತು. ದೊಡ್ಡಮ್ಮನ ಜೊತೆ ಕಾದಂಬರಿಯ ಅರ್ಧ ಹೋಗುತ್ತದೆ, ಅಷ್ಟೇ ನನ್ನ ಚಿಂತೆ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಶುಕ್ರವಾರ ಶಾಲೆಯಲ್ಲಿ ಕೂತವಳಿಗೆ ಬೇರೆ ಯೋಚನೆಯೇ ಇಲ್ಲ. ಭಾನುವಾರದೊಳಗೆ ಇವರಿಬ್ಬರೂ ಒಂದು ಮಾತು, ನನ್ನ ಬಾಯಿ ಇಲ್ಲದೆ, ಬೆಕ್ಕಿನ ಬಾಯಿ ಇಲ್ಲದೆ, ಒಂದೇ ಒಂದು ಮಾತು ಆಡಬೇಕು. ಕಾದಂಬರಿಯಲ್ಲಿ ಕೆಲಸ ಮಾಡಿದ ಗೊಜ್ಜು ಹೊಳೆನರಸೀಪುರದಲ್ಲಿ ಯಾಕೆ ಮಾಡುವುದಿಲ್ಲ?

ಶನಿವಾರ ಬೆಳಗ್ಗೆ ದೊಡ್ಡಮ್ಮ ಸ್ನಾನಕ್ಕೆ ಹೋದಾಗ ಹಾಸಿಗೆಯಡಿಯ ಅರ್ಧದ ಮೊದಲ ಪುಟ ತೆಗೆದು ಮಿಕ್ಕ ಪಾಕವನ್ನು ಅಂಗೈಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ: ಒಂದು ಹಿಡಿ ಓಮ, ಹೆಬ್ಬೆರಳ ಗಾತ್ರ ಇಂಗು, ಒಂದು ಅಚ್ಚು ಬೆಲ್ಲ, ಒಂದು ಸೌಟು ಹರಳೆಣ್ಣೆ, ಚೆನ್ನಾಗಿ ಅರೆದು ಬಿಸಿಯಿರುವಾಗಲೇ ಕೊಡಬೇಕು. ನಾಯಕಿ ಬಡವಿ, ಬಡವರ ಗೊಜ್ಜು ಹೀಗೇ ಇರುತ್ತದೆ ಎಂದುಕೊಂಡೆ. ಶಾಲೆ ಬಿಟ್ಟು ಬಂದವಳೇ ಅಂಗಡಿಯ ಮೂಟೆಯಿಂದ ಆರು ಆಲೂಗಡ್ಡೆ ತಂದು, ನಾಲ್ಕು ವರ್ಷ ಸತ್ತಿದ್ದ ನಡುವಿನ ಸೌದೆ ಒಲೆಗೆ ಬೆಂಕಿ ಹಾಕಿದೆ. ಹೊಗೆಕಿಂಡಿಯಲ್ಲಿ ಗೂಡು ಕಟ್ಟಿದ್ದ ಏನೋ ಒಂದು ಕಿರುಚಿಕೊಂಡು ಹಾರಿಹೋಯಿತು. ಕೆಂಪು ಬಣ್ಣ ಕಾದು ಗುಳ್ಳೆ ಎದ್ದಿತು. ಆಲೂಗಡ್ಡೆ ಸಿಪ್ಪೆ ಚಟಪಟ ಸಿಡಿದು, ಮಣ್ಣು ಸುಟ್ಟ ವಾಸನೆ ಆ ಕಡೆಗೂ ಈ ಕಡೆಗೂ ಒಟ್ಟಿಗೆ ಹರಡಿತು. ಇಬ್ಬರೂ ತಂತಮ್ಮ ಕಡೆಯಿಂದ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

“ಏಳು ಸಿಂಚು, ಮನೆಗೆ ಬೆಂಕಿ ಇಡೋದಾದ್ರೆ ತಗೊಂಡೋರು ಬಂದ್ಮೇಲೆ ಇಡು ಅಂತ” ಎಂದಳು ದೊಡ್ಡಮ್ಮ, ನನಗೇ ಹೇಳಬೇಕಾದ ಮಾತನ್ನೂ ನನ್ನ ಮೂಲಕವೇ.

ಇವರನ್ನು ಪ್ರೀತಿಯಿಂದ ಕೂರಿಸಲಾಗದೆಂದು ನನಗೆ ಗೊತ್ತಿತ್ತು. “ದೊಡ್ಡಮ್ಮ, ನೀನು ತಿನ್ನಲ್ವಂತೆ, ಖಾರ ತಡಿಯಕ್ಕಾಗಲ್ವಂತೆ, ಅಮ್ಮ ಅಂದ್ಲು” ಎಂದೆ. ಅಮ್ಮನ ಕಡೆ ತಿರುಗಿ, “ಅರಕಲಗೂಡೋರ್ಗೆ ಗೊಜ್ಜಿನ ರುಚಿ ಗೊತ್ತಾಗಲ್ವಂತೆ” ಎಂದೆ. ಇಬ್ಬರೂ ಒಂದೇ ಸಲಕ್ಕೆ ಕೂತರು, ಗೆರೆಯ ಆಚೆಗೊಬ್ಬಳು, ಈಚೆಗೊಬ್ಬಳು. ನಾಲ್ಕು ಆಲೂಗಡ್ಡೆ ಸುಲಿದು, ಅಂಗೈಯಲ್ಲಿ ಬರೆದದ್ದನ್ನೆಲ್ಲ ಹಾಕಿ ಅರೆದು, ಒರಳನ್ನೇ ನಡುವೆ ಎಳೆದು ಇಟ್ಟೆ. ಎರಡು ಕೈಗಳು ಒರಳಿಗೆ ಇಳಿದವು, ಎರಡು ಬಾಯಿಗಳು ಮುಚ್ಚಿಕೊಂಡವು. ಅಮ್ಮ ಎದ್ದು ಹೋಗಿ ಉಗಿದು ಬಂದಳು. ದೊಡ್ಡಮ್ಮ ಹರಳೆಣ್ಣೆ ಇಳಿಯುತ್ತಿದ್ದ ಬೆರಳುಗಳನ್ನು ನೋಡಿದಳು, ನನ್ನ ಅಂಗೈ ಹಿಡಿದು ತಿರುಗಿಸಿ ನೀಲಿ ಅಕ್ಷರ ಓದಿದಳು. ಆಮೇಲೆ ತಲೆಯೆತ್ತಿ ನೇರವಾಗಿ ಅಮ್ಮನನ್ನೇ ನೋಡಿ ಹೇಳಿದಳು:

“ಇದು ಆ ಎಮ್ಮೆ ಔಸ್ದಿ ಅಲ್ವೇನೆ?”

ನಾಲ್ಕು ವರ್ಷದಲ್ಲಿ ಮೊದಲ ಮಾತು. ಹೊಟ್ಟೆ ಉಬ್ಬರಿಸಿದ ಎಮ್ಮೆಗೆ ಕೊಡುವ ಔಷಧಿಯದು, ಆ ಪುಟದ ಹಿಂಬದಿಯಲ್ಲಿ ಅಚ್ಚಾಗಿದ್ದ ಅಂಕಣ. ಕತ್ತರಿಸುವಾಗ ಅದರ ತಲೆಬರಹ ಹಾರಿಹೋಗಿತ್ತು, ಹೊಲಿಯುವಾಗ ಹಾಳೆ ತಿರುವುಮುರುವಾಗಿತ್ತು. ಓದುವಾಗ ಇಬ್ಬರೂ ನಕ್ಕು ಅದನ್ನು ದಾಟಿಸುತ್ತಿದ್ದರಂತೆ. ಅದು ನನಗೆ ಯಾರು ಹೇಳಬೇಕು?

“ತಲೆಬರಹ ಕತ್ತರಿಸಾಕಿದ್ದು ಯಾರು? ನೀನಲ್ವಾ?” ಎಂದಳು ಅಮ್ಮ.

“ಇಂದ್ಮುಂದಾಗಿ ಒಲಿದಿದ್ದು ಯಾರೆ? ನಿಮ್ಮಪ್ಪ ಬಂದು ಒಲಿದ್ನಾ?”

“ನಮ್ಮಪ್ಪನ್ ಸುದ್ದಿಗೆ ಬರ್ಬೇಡ. ಕತ್ತರಿ ಕೈಗೆ ಸಿಕ್ರೆ ಸಾಕು, ಕಂಡಿದ್ದೆಲ್ಲ ಕತ್ತರಿಸ್ತೀಯ ನೀನು. ಅವತ್ತೂ ಅಷ್ಟೇ.”

“ಅವತ್ತು ನೀನು ಬ್ಯಾಡ ಕಣಕ್ಕ ಅಂತ ಒಂದ್ ಮಾತಂದಿದ್ರೆ ನಾನ್ ಕತ್ತರಿಸ್ತಿದ್ನಾ?”

ಆಮೇಲೆ ಶುರುವಾದದ್ದನ್ನು ನಾನು ಎಷ್ಟು ಹಿಗ್ಗಿಸಿದರೂ ಸಾಲದು. ನಾಲ್ಕು ವರ್ಷ ನನ್ನ ಬಾಯಲ್ಲಿ ಹಾದು ಸವೆದು ಹೋಗಿದ್ದ ಬೈಗುಳಗಳೆಲ್ಲ ಹೊಸದಾಗಿ, ಬಿಸಿಯಾಗಿ, ನೇರವಾಗಿ ಹಾರಾಡಿದವು. ಸೀಮಂತದ ಸೀರೆ ಬಂತು, ಸತ್ತ ಅಜ್ಜಿಯ ಕಿವಿಯೋಲೆ ಬಂತು, ಒಂದು ವರ್ಷದ ಹಬ್ಬದಲ್ಲಿ ಒಡೆದ ಉಪ್ಪಿನ ಜಾಡಿ ಬಂತು. ಅಪ್ಪ ಮತ್ತು ದೊಡ್ಡಪ್ಪ ಅಂಗಡಿಯಿಂದ ಓಡಿಬಂದು ಇಣುಕಿ, ಬಂದದ್ದಕ್ಕಿಂತ ಬೇಗ ವಾಪಸು ಹೋದರು. ಬೈಯುತ್ತ ಬೈಯುತ್ತಲೇ ದೊಡ್ಡಮ್ಮ ಉಳಿದಿದ್ದ ಎರಡು ಆಲೂಗಡ್ಡೆಯನ್ನು ಕೆಂಡದಿಂದ ಬರಿಗೈಯಲ್ಲಿ ಎಳೆದು ಸಿಪ್ಪೆ ಸುಲಿದಳು. ಅಮ್ಮ ಬೈಯುತ್ತಲೇ ಒರಳು ತೊಳೆದು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಹಾಕಿದಳು. ಒಬ್ಬಳು ಕುಟ್ಟಿದಳು, ಇನ್ನೊಬ್ಬಳು ಕಾಯಿ ತುರಿದಳು. ಯಾರ ಕೈ ಯಾವ ಕಡೆಗೆ ಹೋಗುತ್ತಿದೆಯೆಂದು ಗೆರೆಗೆ ಗೊತ್ತಾಗಲಿಲ್ಲ. ಆ ಗೊಜ್ಜನ್ನು ಒರಳಿನಿಂದಲೇ ಇಬ್ಬರೂ ತಿಂದರು, ನನಗೂ ಒಂದು ಉಂಡೆ ಕೊಟ್ಟರು. ಕಾದಂಬರಿಯಲ್ಲಿದ್ದಂತೆ ಯಾರೂ ತಬ್ಬಿಕೊಳ್ಳಲಿಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಅದು ಅರಕಲಗೂಡಿನ ಅಳತೆಯ ಖಾರ, ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಭಾನುವಾರ ವ್ಯಾನ್ ಬಂತು. ನಾನು ಗೆದ್ದೆನೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಬಂದು ನೋಡಿದರೆ ಅಮ್ಮ ಬಾಗಿಲ ಹಿಂದೆ ನಿಂತಿದ್ದಾಳೆ, ದೊಡ್ಡಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ. ಅರ್ಧ ಕಾದಂಬರಿ ಆ ಟ್ರಂಕಿನೊಳಗೆ. ಬೆಕ್ಕು ಜಗಲಿಯ ಮೇಲೆ ಮಲಗಿತ್ತು.

“ಮೆಂಬರ್ರೇ, ನಮ್ಮೂರ್ಗೆ ಒಂಟೆ ಕಣಪ್ಪ. ಇವ್ರು ಉಪ್ಪು ಕಮ್ಮಿ ಆಕ್ತಾರೆ, ನೋಡ್ಕಳಿ” ಎಂದಳು ದೊಡ್ಡಮ್ಮ.

ಬಾಗಿಲ ಹಿಂದಿನಿಂದ ಅಮ್ಮ, “ಏಳಿ ಮೆಂಬರ್ರೇ, ಅಲ್ಲೋಗಿ ಕೊಬ್ರಿ ಜಾಸ್ತಿ ತಿಂದ್ರೆ ರಾತ್ರಿಯೆಲ್ಲ ಕೆಮ್ಮು ಬತ್ತದೆ ಅಂತ” ಎಂದಳು.

ವ್ಯಾನ್ ಹೊರಟಿತು. ಆ ಮೇಲೆ ಅವರು ಮಾತಾಡಲಿಲ್ಲ. ಫೋನು ಇಬ್ಬರ ಕೈಯಲ್ಲೂ ಇತ್ತು, ಬೆಕ್ಕು ಒಂದೇ ಇದ್ದದ್ದು, ಅದು ನಮ್ಮಲ್ಲಿ ಉಳಿದಿತ್ತು. ಮುಂದಿನ ತಿಂಗಳು ಕೊಂಡವರು ಮನೆ ಕೆಡವಿದರು. ನಾವು ಊರಾಚೆಯ ಹೊಸ ಬಡಾವಣೆಯ ಬಾಡಿಗೆ ಮನೆಗೆ ಬಂದೆವು, ಅಲ್ಲಿನ ಅಡುಗೆಮನೆಯಲ್ಲಿ ಗೆರೆ ಎಳೆಯಲು ಜಾಗವೇ ಇಲ್ಲ. ಬೆಕ್ಕು ಒಂದು ವಾರ ನೋಡಿ ಎಲ್ಲಿಗೋ ಹೋಯಿತು.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಅಮ್ಮ ಚನ್ನರಾಯಪಟ್ಟಣಕ್ಕೆ ಹೋದವಳು ಅಳಲಿಲ್ಲವೆಂದು ನೆಂಟರು ಆಡಿಕೊಂಡರು. ಹೊರಡುವಾಗ ದೊಡ್ಡಪ್ಪ ಅವಳ ಕೈಗೆ ಕಾದಂಬರಿಯ ಆ ಅರ್ಧವನ್ನು ಕೊಟ್ಟರು. ಮನೆಗೆ ಬಂದು ನಾನೇ ಅದನ್ನು ಬಿಚ್ಚಿದೆ. ಮೊದಲ ಹಾಳೆ ಈಗ ಸರಿಯಾಗಿತ್ತು. ದೊಡ್ಡಮ್ಮ ಅದನ್ನು ಬಿಡಿಸಿ, ತಿರುಗಿಸಿ, ಅನ್ನದ ಅಗುಳು ಹಚ್ಚಿ ಅಂಟಿಸಿದ್ದಳು. ಗೊಜ್ಜಿನ ಪುಟ ಮುಂದೆ, ಎಮ್ಮೆ ಹಿಂದೆ.

ಅಮ್ಮ ಒಣಗಿದ ಅಗುಳನ್ನು ಉಗುರಿನಿಂದ ಮುಟ್ಟಿ ನೋಡಿದಳು. “ನೋಡು, ಅನ್ನದಲ್ಲಿ ಅಂಟಿಸವ್ಳೆ. ಸಾಯೋವರ್ಗೂ ಒಲಿಯೋದ್ ಕಲೀಲಿಲ್ಲ.”

ನಾನು ದಬ್ಬಳ ಹುಡುಕಿ, ಸುತಲಿ ಪೋಣಿಸಿ, ಎರಡು ಅರ್ಧಗಳನ್ನೂ ಜೋಡಿಸಿ ಅವಳ ಮುಂದೆ ಇಟ್ಟೆ. ಅವಳು ದಬ್ಬಳ ಕೈಗೆ ತೆಗೆದುಕೊಂಡಳು, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು, ಮತ್ತೆ ಕೆಳಗಿಟ್ಟಳು.

“ಯಾವಾಗ್ಲೂ ಅವ್ಳು ಕತ್ತರಿಸೋದು, ನಾನು ಒಲಿಯೋದು. ಈ ಸಲ ಅವ್ಳೇ ಬಂದು ಒಲೀಲಿ.”

ಎರಡೂ ಅರ್ಧ ಈಗ ಅಕ್ಕಿ ಡಬ್ಬದಲ್ಲಿವೆ, ಒಂದರ ಮೇಲೊಂದು. ರಜೆಗೆ ಹೋದಾಗಲೆಲ್ಲ ಮುಚ್ಚಳ ತೆಗೆದು ನೋಡುತ್ತೇನೆ. ದಬ್ಬಳ ಅಲ್ಲೇ ಇದೆ, ದಾರ ಪೋಣಿಸಿದ್ದು ಪೋಣಿಸಿದ ಹಾಗೇ, ತುದಿಗೆ ಗಂಟು ಹಾಕದೆ.